ಬಿಡುಗಡೆಗೊಂದು ಬೀಡು

(ಈಸ್ಟರಿಗೆ ಮುಂಚಿನ ಉಪವಾಸದ ದಿನಗಳಲ್ಲಿ ಕಾಸರಗೋಡಿನ ಬದಿಯಡ್ಕದ ಹತ್ತಿರ ಒಂದು ಕೂಟದಲ್ಲಿ ಆಡಿದ ಮಾತು ಇದು. ಬರೆದು ಕೊಡಿ ಅಂತ ಕೆಲವರು ಕೇಳಿದರು. ಆದಷ್ಟು ಆಡಿದ ಹಾಗೆಯೇ ಬರೆದಿದ್ದೇನೆ. ಹೊತ್ತಾಯಿತೆಂದು ಅಂದು ಬಿಟ್ಟ ಒಂದೆರಡು ಮಾತನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಕಥೋಲಿಕರ ಇಗರ್ಜಿಯಿಂದ ಬಂದವರಿದ್ದೀರಿ, ಪ್ರೊಟೆಸ್ಟಂಟರ ಸಿ.ಎಸ್.ಐ. ಸಭೆಯವರಿದ್ದೀರಿ, ಮನೆಮನೆಯ ಪ್ರಾರ್ಥನಾ ಕೂಟದವರಿದ್ದೀರಿ. ಕ್ರೈಸ್ತರಲ್ಲದ ನೆರೆಹೊರೆಯವರೂ ಬಂದು ಕೂತಿದ್ದೀರಿ. ನಿಮ್ಮನ್ನೆಲ್ಲ ಒಟ್ಟಿಗೆ ನೋಡಿ ತುಂಬಾ ಸಂತೋಷವಾಯಿತು.

ನಾನು ದೇವಶಾಸ್ತ್ರ ಓದಿದವಳಲ್ಲ. ಮೂವತ್ತು ವರ್ಷ ಶಾಲೆಯಲ್ಲಿ ಕನ್ನಡ ಪಾಠ ಮಾಡಿದವಳು. ಹಾಗಾಗಿ ಪದದಿಂದಲೇ ಶುರು ಮಾಡುತ್ತೇನೆ.

ನಮ್ಮ ಕೂಟಗಳಲ್ಲಿ ಜಾಸ್ತಿ ಕೇಳುವ ಪದ ಬಿಡುಗಡೆ. ಪಾಪದಿಂದ ಬಿಡುಗಡೆ, ರೋಗದಿಂದ ಬಿಡುಗಡೆ, ಕುಡಿತದಿಂದ ಬಿಡುಗಡೆ. ಚಂದ್ರಗಿರಿ ಹೊಳೆಯ ಆಚೆ ಹೋದರೆ ಮಲಯಾಳದವರು ಇದನ್ನೇ 'ವಿಡುದಲ್' ಅನ್ನುತ್ತಾರೆ. ಅವರ ವಕಾರ ನಮ್ಮಲ್ಲಿ ಬಕಾರ. ಅವರ 'ವಿಡು' ನಮ್ಮ 'ಬಿಡು'. ಈಗ ಇನ್ನೊಂದು ಪದ ನೋಡಿ. ಅವರು ಮನೆಗೆ 'ವೀಡ್' ಅನ್ನುತ್ತಾರೆ, ಅಲ್ವಾ? ಅದೇ ನಮ್ಮ 'ಬೀಡು'. ತುಳುನಾಡಿನ ದೊಡ್ಡ ಮನೆತನಗಳ ಮನೆಗೆ ಇವತ್ತಿಗೂ ಬೀಡು ಅಂತಲೇ ಹೆಸರು. ಈ ಬೀಡು ಹುಟ್ಟಿದ್ದು ಬಿಡು ಎಂಬ ಅದೇ ಬೇರಿನಿಂದ. ತಮಿಳಿನಲ್ಲಂತೂ 'ವೀಡು' ಅಂದರೆ ಮನೆಯೂ ಹೌದು, ಮೋಕ್ಷವೂ ಹೌದು. ಎರಡಕ್ಕೂ ಒಂದೇ ಪದ.

ನಡೆದು ನಡೆದು ಸೋತವರು ಹೊರೆ ಇಳಿಸಿ, ಎತ್ತುಗಳ ನೊಗ ಬಿಚ್ಚಿ ತಂಗುವ ಜಾಗ ಬೀಡು. ನೊಗ ಬಿಟ್ಟಲ್ಲೇ ಬೀಡು. 'ಬೀಡುಬಿಟ್ಟರು' ಅನ್ನುತ್ತೇವಲ್ಲ, ಆ ಒಂದು ಮಾತಿನೊಳಗೆ ಎರಡೂ ಉಂಟು.

ಮೂರನೆಯ ಪದವೊಂದು ಉಂಟು. ಬಿಡಾಡಿ. ರಸ್ತೆಯಲ್ಲಿ ಅಲೆಯುವ ಹಸುಗಳಿಗೆ ಬಿಡಾಡಿ ದನ ಅಂತ ಪೇಪರಿನಲ್ಲಿ ಬರೆಯುತ್ತಾರೆ. ಬೆಳಿಗ್ಗೆ ಹಗ್ಗ ಬಿಚ್ಚಿ ಬಿಟ್ಟ ಹಸು ಸಂಜೆ ತಾನಾಗಿ ಹಟ್ಟಿಗೆ ಬರುತ್ತದೆ. ಹಟ್ಟಿಯೇ ಇಲ್ಲದ ಹಸುವಿಗೂ ಕೊರಳಲ್ಲಿ ಹಗ್ಗವಿಲ್ಲ. ಆದರೆ ಮಳೆ ಬಂದಾಗ ಅದು ಬಸ್ ಸ್ಟ್ಯಾಂಡಿನಲ್ಲಿ ಬಂದು ನಿಲ್ಲಬೇಕು.

ಇವತ್ತು ನಾನು ಹೇಳಲು ಬಂದದ್ದು ಇಷ್ಟೇ. ನಾವು ಜನರಿಗೆ ಬಿಡುಗಡೆಯ ಸುವಾರ್ತೆ ಹೇಳುತ್ತೇವೆ, ಹಗ್ಗ ಬಿಚ್ಚುತ್ತೇವೆ. ಬೀಡು ಕೊಡಲು ಮರೆಯುತ್ತೇವೆ. ಆಮೇಲೆ ಅವರು ಬಿಡಾಡಿಗಳಾಗಿ ಅಲೆಯುತ್ತಾರೆ. ಸತ್ಯವೇದದಲ್ಲಿ, ಅಂದರೆ ಬೈಬಲಿನಲ್ಲಿ, ಈ ಎರಡು ಕೆಲಸ ಬೇರೆ ಬೇರೆಯಾಗಿ ನನಗೆಲ್ಲೂ ಕಾಣಲಿಲ್ಲ.

ಮಾರ್ಕನ ಸುವಾರ್ತೆಯ 5ನೇ ಅಧ್ಯಾಯ ತೆಗೆಯಿರಿ. ಸಮಾಧಿಗಳ ನಡುವೆ ಇರುತ್ತಿದ್ದ ಒಬ್ಬ ಮನುಷ್ಯ. ಊರವರು ಅವನಿಗೆ ಬೇಡಿ ಹಾಕಿದ್ದರು, ಸರಪಳಿ ಹಾಕಿದ್ದರು. ಎಲ್ಲವನ್ನೂ ಕಿತ್ತು ಬಿಸಾಡಿದ್ದ. ರಾತ್ರಿ ಹಗಲು ಕೂಗುತ್ತಿದ್ದ, ಕಲ್ಲಿನಿಂದ ತನ್ನನ್ನು ತಾನೇ ಗಾಯ ಮಾಡಿಕೊಳ್ಳುತ್ತಿದ್ದ. ಯೇಸು ಅವನ ಹೆಸರು ಕೇಳಿದರು. ಆ ಊರಿನಲ್ಲಿ ಎಷ್ಟು ವರ್ಷಗಳಿಂದ ಯಾರೂ ಅವನ ಹೆಸರು ಕೇಳಿರಲಿಲ್ಲವೋ! 'ಲೆಗಿಯೋನ್' ಅಂತ ಉತ್ತರ ಬಂತು. ರೋಮಿನವರ ಸೈನ್ಯದ ಪದ ಅದು. ದಂಡು ಅನ್ನಿ. ಅವನ ಮನೆಯೊಳಗೆ ಒಂದು ದಂಡೇ ಬೀಡುಬಿಟ್ಟಿತ್ತು. ಮನೆಯ ಯಜಮಾನನಿಗೇ ಜಾಗವಿರಲಿಲ್ಲ.

ಆ ದಂಡು ಎರಡು ಸಾವಿರದಷ್ಟು ಹಂದಿಗಳ ಹಿಂಡಿನೊಳಗೆ ಹೋಯಿತು, ಹಿಂಡು ಕೆರೆಗೆ ಬಿತ್ತು ಅಂತ ಕಥೆ. ನಮ್ಮ ಪ್ರಸಂಗಗಳು ಸಾಧಾರಣವಾಗಿ ಹಂದಿಗಳ ಜೊತೆಗೇ ಮುಗಿಯುತ್ತವೆ. ಆದರೆ ಮಾರ್ಕ ಅಲ್ಲಿ ನಿಲ್ಲುವುದಿಲ್ಲ. ಊರವರು ಬಂದು ನೋಡುತ್ತಾರೆ. ಆ ಮನುಷ್ಯ ಬಟ್ಟೆ ಹಾಕಿಕೊಂಡು, ಸ್ವಸ್ಥ ಬುದ್ಧಿಯಿಂದ, ಸುಮ್ನೆ ಕೂತಿದ್ದಾನೆ. ಅದನ್ನು ನೋಡಿ ಅವರಿಗೆ ಹೆದರಿಕೆಯಾಗುತ್ತದೆ! ಕೂಗುತ್ತಿದ್ದಾಗ ಹೇಗೋ ಅಭ್ಯಾಸವಾಗಿತ್ತು. ಸರಿಯಾದವನನ್ನು ಏನು ಮಾಡುವುದು ಅಂತ ಗೊತ್ತಿರಲಿಲ್ಲ.

ಯೇಸು ದೋಣಿ ಹತ್ತುವಾಗ ಅವನು ಬೇಡುತ್ತಾನೆ, ನಾನೂ ನಿನ್ನ ಜೊತೆ ಬರುತ್ತೇನೆ ಅಂತ. ಯೇಸು ಒಪ್ಪುವುದಿಲ್ಲ. ನಿನ್ನ ಮನೆಗೆ ಹೋಗು, ನಿನ್ನವರ ಹತ್ತಿರ ಹೋಗು ಅನ್ನುತ್ತಾರೆ. ಮೊದಲೆಲ್ಲ ಇದು ನನಗೆ ಕಠಿಣವಾಗಿ ಕಾಣುತ್ತಿತ್ತು. ಸರಪಳಿ ಹಾಕಿದ ಅದೇ ಕೈಗಳ ನಡುವೆ ಹೋಗಿ ಬದುಕಬೇಕಲ್ಲ! ಈಗ ನನಗೆ ಹಾಗೆ ಅನ್ನಿಸುವುದಿಲ್ಲ. ಅವನು ಮನೆಯ ಜಗಲಿ ಹತ್ತುವವರೆಗೆ ಬಿಡುಗಡೆ ಅರ್ಧವೇ. ಅವನನ್ನು ಸೇರಿಸಿಕೊಳ್ಳುವವರೆಗೆ ಆ ಊರಿನ ಬಿಡುಗಡೆಯೂ ಅರ್ಧವೇ.

ಹಳೆ ಒಡಂಬಡಿಕೆಯಲ್ಲಿ ಇದು ಕಾನೂನಾಗಿಯೇ ಉಂಟು. ಯಾಜಕಕಾಂಡದ 25ನೇ ಅಧ್ಯಾಯ. ಐವತ್ತನೇ ವರ್ಷ ಬಂದಾಗ ದೇಶಕ್ಕೆಲ್ಲ ಬಿಡುಗಡೆ ಸಾರಬೇಕು. ಅದೇ ವಾಕ್ಯದಲ್ಲಿ, ಪ್ರತಿಯೊಬ್ಬನೂ ತನ್ನ ಭೂಮಿಗೆ, ತನ್ನ ಕುಟುಂಬಕ್ಕೆ ಹಿಂದಿರುಗಬೇಕು ಅಂತ ಉಂಟು. ಸಾಲಕ್ಕೆ ತನ್ನನ್ನೇ ಮಾರಿಕೊಂಡವನನ್ನು ಬಿಡಿಸುವವರು ಯಾರು? ಅಣ್ಣ ತಮ್ಮ, ಚಿಕ್ಕಪ್ಪ ದೊಡ್ಡಪ್ಪ, ಅವರ ಮಕ್ಕಳು. ಹೀಬ್ರೂ ಭಾಷೆಯಲ್ಲಿ ಇಂಥವನಿಗೆ 'ಗೋಯೇಲ್' ಅನ್ನುತ್ತಾರೆ. ನಾವು ಕನ್ನಡದಲ್ಲಿ ವಿಮೋಚಕ ಅನ್ನುತ್ತೇವೆ. ವಿಮೋಚಕ ಅಂದಾಗ ಸೆರೆಮನೆಯ ಬೀಗ ಒಡೆಯುವ ವೀರ ಕಣ್ಣಿಗೆ ಬರುತ್ತಾನೆ. ಗೋಯೇಲ್ ಅಂದರೆ ನೆಂಟ. ಹತ್ತಿರದ ನೆಂಟ. ರೂತಳ ಕಥೆಯ ಬೋವಜ ಅಂಥವನು. ಮೋವಾಬಿನಿಂದ ಬಂದ ಪರದೇಶದ ವಿಧವೆಗೆ ಅವನಿಂದ ಹೊಲವೂ ಸಿಕ್ಕಿತು, ಮನೆಯೂ ಸಿಕ್ಕಿತು, ಮಡಿಲಲ್ಲೊಂದು ಮಗುವೂ ಆಯಿತು.

ನಮ್ಮಲ್ಲಿ ಇದನ್ನು ಅರ್ಥ ಮಾಡಿಕೊಳ್ಳಲು ಕಷ್ಟವಿಲ್ಲ. ಇಲ್ಲಿ ಕೂತ ಅಕ್ಕಂದಿರಲ್ಲಿ ಬಳೆ ಅಡವಿಡದವರು ಎಷ್ಟು ಮಂದಿ ಇದ್ದೀರಿ? ಶಾಲೆ ಫೀಸಿಗೆ, ಆಸ್ಪತ್ರೆಗೆ, ಮಗಳ ಮದುವೆಗೆ ಇಡುತ್ತೇವೆ. ಅಡಿಕೆ ಮಾರಿದ ಮೇಲೆ ಹೋಗಿ ಬಿಡಿಸುತ್ತೇವೆ. ಬ್ಯಾಂಕಿನವರು ಸಣ್ಣ ತಕ್ಕಡಿಯಲ್ಲಿ ತೂಗಿ, ಚೀಟಿ ಹರಿದು, ಆ ಪುಟ್ಟ ಕಟ್ಟು ಕೈಗೆ ಕೊಡುತ್ತಾರೆ. ಬಿಡಿಸಿದೆ, ಸಾಕು ಅಂತ ಯಾರಾದರೂ ಬಳೆಯನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬರುತ್ತೇವಾ? ಸೆರಗಿನಲ್ಲಿ ಗಂಟು ಹಾಕಿ, ಬಸ್ಸಿನಲ್ಲಿ ಕೈಯಿಂದ ಮುಟ್ಟಿ ಮುಟ್ಟಿ ನೋಡುತ್ತಾ ಮನೆಗೆ ತರುತ್ತೇವೆ. ಕ್ರಿಸ್ತ ನಮ್ಮನ್ನು ಬಿಡಿಸಿದ್ದು ಹಾಗೆ. ಪೌಲ ಕೊಲೊಸ್ಸೆಯವರಿಗೆ ಬರೆದ ಪತ್ರದ ಮೊದಲ ಅಧ್ಯಾಯದಲ್ಲಿ ಹೇಳುವುದೂ ಅದನ್ನೇ. ದೇವರು ನಮ್ಮನ್ನು ಕತ್ತಲೆಯ ಹಿಡಿತದಿಂದ ಬಿಡಿಸಿ ತನ್ನ ಪ್ರಿಯ ಮಗನ ರಾಜ್ಯದೊಳಗೆ ಸೇರಿಸಿದನು. ಬಿಡಿಸಿ, ಸೇರಿಸಿ. ಒಂದೇ ಉಸಿರು.

ಈಗ ಒಂದು ನೋವಿನ ವಿಷಯ ಹೇಳಬೇಕು.

ಕೆಲವು ವರ್ಷಗಳ ಹಿಂದೆ ನಮ್ಮ ಕೂಟಕ್ಕೆ ಒಬ್ಬ ಅಣ್ಣ ಬಂದರು. ಕಲ್ಲು ಕೋರೆಯಲ್ಲಿ ಕೆಂಪುಕಲ್ಲು ಕಡಿಯುವ ಕೆಲಸ. ಇಪ್ಪತ್ತು ವರ್ಷದ ಕುಡಿತ. ಒಂದು ಉಪವಾಸ ಪ್ರಾರ್ಥನೆಯ ದಿನ ಎದ್ದು ನಿಂತು ಸಾಕ್ಷಿ ಹೇಳಿದರು. ಅತ್ತರು. ನಾವೂ ಅತ್ತೆವು. ಹಲ್ಲೆಲೂಯ ಹೇಳಿದೆವು. ಆ ದಿನ ಅವರಿಗೆ ನಿಜವಾಗಿಯೂ ಬಿಡುಗಡೆ ಆಗಿತ್ತು, ಅದರಲ್ಲಿ ನನಗೆ ಇವತ್ತಿಗೂ ಅನುಮಾನವಿಲ್ಲ. ನಾಲ್ಕು ತಿಂಗಳ ಮೇಲೆ ಪುನಃ ಕುಡಿಯಲು ಶುರು ಮಾಡಿದರು. ನಂಬಿಕೆ ಸಾಲದು ಅಂತ ನಾವು ಮಾತಾಡಿಕೊಂಡೆವು.

ಒಂದು ದಿನ ಪೇಟೆಯಲ್ಲಿ ಸಿಕ್ಕಿದರು. ತಪ್ಪಿಸಿಕೊಂಡು ಹೋಗಲಿಲ್ಲ. ನಿಂತು ಮಾತಾಡಿದರು. "ಟೀಚರೇ, ಭಾನುವಾರ ಬೆಳಿಗ್ಗೆ ನಿಮ್ಮಲ್ಲಿಗೆ ಬರ್ತಿದ್ದೆ. ಸಂಜೆ ಆರು ಗಂಟೆಗೆ ಎಲ್ಲಿಗೆ ಹೋಗುವುದು? ಗಡಂಗಿನಲ್ಲಿ ನಾನು ಒಂದು ದಿನ ಹೋಗದಿದ್ರೆ ಎಂತ ಆಯ್ತು ಅಂತ ಕೇಳ್ತಾರೆ. ನಿಮ್ಮಲ್ಲಿ ಎರಡು ವಾರ ಬಾರದಿದ್ರೂ ಯಾರೂ ಕೇಳಲಿಲ್ಲ."

ನನಗೆ ಉತ್ತರ ಬರಲಿಲ್ಲ. ನಾಲ್ಕು ತಿಂಗಳಲ್ಲಿ ಒಂದು ಸಂಜೆ ಆ ಅಣ್ಣನನ್ನು ನಮ್ಮ ಮನೆಗೆ ಚಾಕ್ಕೆ ಕರೆದಿರಲಿಲ್ಲ ನಾನು. ಬೇರೆ ಯಾರೂ ಕರೆದಿರಲಿಲ್ಲ. ಮತ್ತಾಯನ 12ನೇ ಅಧ್ಯಾಯದಲ್ಲಿ ಯೇಸು ಇದನ್ನೇ ಹೇಳಿದ್ದಾರಲ್ಲ. ದುರಾತ್ಮ ಒಬ್ಬನನ್ನು ಬಿಟ್ಟು ಹೋಗುತ್ತದೆ. ಎಲ್ಲೂ ನೆಲೆ ಸಿಗದೆ ತಿರುಗಿ ಬಂದು ನೋಡುತ್ತದೆ. ಮನೆ ಗುಡಿಸಿ ಚಂದ ಮಾಡಿಟ್ಟದ್ದು ಉಂಟು, ಆದರೆ ಖಾಲಿ. ಆಗ ತನಗಿಂತ ಕೆಟ್ಟ ಏಳನ್ನು ಕರೆದುಕೊಂಡು ಒಳಗೆ ಹೋಗುತ್ತದೆ. ನಾವು ಆ ಅಣ್ಣನ ಮನೆ ಗುಡಿಸಿಕೊಟ್ಟೆವು. ಒಳಗೆ ಹೋಗಿ ಕೂರಲಿಲ್ಲ.

ದಾಸತ್ವ ಬಿಟ್ಟು ಐಗುಪ್ತದಿಂದ, ಅಂದರೆ ಈಜಿಪ್ಟಿನಿಂದ, ಹೊರಟ ಇಸ್ರಾಯೇಲ್ಯರಿಗೂ ಹೀಗೆಯೇ ಆಯಿತು. ಕೆಂಪು ಸಮುದ್ರ ದಾಟಿ ಇನ್ನೂ ಎರಡು ತಿಂಗಳಾಗಿರಲಿಲ್ಲ. ಮಾಂಸದ ಪಾತ್ರೆಗಳ ಹತ್ತಿರ ಕೂತು ಹೊಟ್ಟೆ ತುಂಬಾ ತಿನ್ನುತ್ತಿದ್ದ ದಿನಗಳೇ ಒಳ್ಳೇದಿತ್ತು ಅಂತ ಗೊಣಗಿದರು. ಭಾನುವಾರದ ಶಾಲೆಯಲ್ಲಿ ಇದನ್ನು ನಾನು ಮಕ್ಕಳಿಗೆ ಹೊಟ್ಟೆಬಾಕತನದ ಪಾಠವಾಗಿ ಹೇಳುತ್ತಿದ್ದೆ. ಈಗ ಹಾಗೆ ಹೇಳುವುದಿಲ್ಲ. ದಾಸತ್ವದಲ್ಲೂ ಕೂರಲು ಒಂದು ಜಾಗವಿತ್ತು, ಸುತ್ತ ಕೂತ ಗುರುತಿನ ಮುಖಗಳಿದ್ದವು. ಮರುಭೂಮಿಯಲ್ಲಿ ಬರೀ ಮರಳು. ದೇವರು ಅವರ ಮೇಲೆ ಸಿಟ್ಟಾಗಲಿಲ್ಲ. ತಿನ್ನಲು ಮನ್ನ ಎಂಬ ಆಹಾರ ಕೊಟ್ಟನು. ಆಮೇಲೆ ಗುಡಾರ ಕಟ್ಟಲು ಹೇಳಿ, ತಾನೇ ಬಂದು ಅವರ ನಡುವೆ ಬೀಡುಬಿಟ್ಟನು.

ನಮ್ಮ ಊರಿನ ಕ್ರೈಸ್ತರ ಚರಿತ್ರೆಯಲ್ಲೂ ಇದು ಉಂಟು. ನನಗೆ ಹೇಳಲು ಹೆಮ್ಮೆ ಎನಿಸುವ ಭಾಗವೂ ಉಂಟು.

1834ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಶನಿನವರು ಮಂಗಳೂರಿಗೆ ಬಂದರು. ಕಾಸರಗೋಡು ಆಗ ಅದೇ ಜಿಲ್ಲೆಯ ಭಾಗ. ಅವರ ಮಾತು ಕೇಳಿ ಕೆಲವರು ದೀಕ್ಷಾಸ್ನಾನ ಪಡೆದರು. ಪಡೆದ ಮರುದಿನವೇ ಅವರಿಗೆ ಮನೆಯಿಲ್ಲ. ಜಾತಿಯಿಂದ ಹೊರಗೆ, ಕುಟುಂಬದಿಂದ ಹೊರಗೆ, ಗೇಣಿ ಗದ್ದೆಯಿಂದ ಹೊರಗೆ. 1844ರಲ್ಲಿ ಆನಂದರಾವ್ ಕೌಂಡಿನ್ಯ ಎಂಬ ಬ್ರಾಹ್ಮಣ ಯುವಕ ಕ್ರೈಸ್ತನಾದಾಗ ಮಂಗಳೂರಿನಲ್ಲಿ ದೊಡ್ಡ ಗಲಾಟೆಯೇ ಆಯಿತು. ಅವರು ಬಾಸೆಲಿಗೆ ಹೋಗಿ ಓದಿ, ಬೋಧಕರಾಗಿ ಊರಿಗೆ ಮರಳಿದರು. ಅವರಿಗೆ ಓದಾದರೂ ಇತ್ತು. ಗದ್ದೆ ಕೆಲಸದವರು, ಮೂರ್ತೆ ಕೆಲಸದವರು ಎಲ್ಲಿಗೆ ಹೋಗಬೇಕು? ಮೂರ್ತೆಯವರು ಶೇಂದಿ ಇಳಿಸುವುದನ್ನು ಬಿಡಬೇಕೆಂದು ಮಿಶನಿನವರೇ ಹೇಳುತ್ತಿದ್ದರು. ಬಿಟ್ಟ ಮೇಲೆ ಹೊಟ್ಟೆಗೆ?

ಆ ಪ್ರಶ್ನೆಗೆ ಪ್ರಸಂಗದಿಂದ ಉತ್ತರ ಸಿಗಲಿಲ್ಲ. ಮಗ್ಗ ಇಟ್ಟರು. ಛಾಪಖಾನೆಯಲ್ಲಿ, ಪುಸ್ತಕ ಕಟ್ಟುವಲ್ಲಿ ಕೆಲಸ ಕೊಟ್ಟರು. 1865ರಲ್ಲಿ ಹಂಚಿನ ಕಾರ್ಖಾನೆ ಶುರುವಾಯಿತು. ತಪ್ಪುಗಳು ಇರಲಿಲ್ಲ ಅಂತ ನಾನು ಹೇಳುವುದಿಲ್ಲ. ಸಂಬಳ ಕೊಡುವವರೂ ಸಭೆಯ ಶಿಸ್ತು ನೋಡುವವರೂ ಒಂದೇ ಆದಾಗ ಉಸಿರು ಕಟ್ಟುತ್ತದೆ. ಆದರೆ ಮನೆ ಕಳೆದುಕೊಂಡವರಿಗೆ ಒಂದು ನೆಲೆ ಬೇಕು ಅಂತ ಅವರಿಗೆ ಅರ್ಥವಾಗಿತ್ತು.

ನಮ್ಮ ತಂದೆಯ ಮನೆಯ ಮಾಡಿಗೆ ಹಳೆಯ ಹಂಚು. ಪ್ರತಿ ವರ್ಷ ಮಳೆಗಾಲಕ್ಕೆ ಮೊದಲು ಹಂಚು ಇಳಿಸಿ, ಒಡೆದದ್ದನ್ನು ಬದಲಾಯಿಸಿ, ಪಾಚಿ ಉಜ್ಜಿ ತೊಳೆಯುವುದು ಮಕ್ಕಳ ಕೆಲಸ. ಮೇಲಿನ ಮೈ ಕಪ್ಪಾಗಿ ದೊರಗಾಗಿರುತ್ತಿತ್ತು. ತಿರುಗಿಸಿದರೆ ಒಳಮೈ ಹೊಸತರ ಹಾಗೆ ಕೆಂಪು. ಅದರ ಮೇಲೆ ಉಬ್ಬಕ್ಷರದಲ್ಲಿ ಬಾಸೆಲ್ ಮಿಶನ್ ಅಂತ ಇಂಗ್ಲಿಷಿನಲ್ಲಿ ಇರುತ್ತಿತ್ತು. ತೊಳೆಯುವಾಗ ಬೆರಳಿಗೆ ಆ ಅಕ್ಷರ ತಾಗುತ್ತಿತ್ತು. ಅಚ್ಚಿಗೆ ಆವೆಮಣ್ಣು ಒತ್ತಿದ ಕೈ ಯಾರದ್ದೋ. ಮನೆಯಿಂದ ಹೊರಗೆ ಹಾಕಿಸಿಕೊಂಡವರು, ಅವರ ಮಕ್ಕಳು. ಅವರು ಮಾಡಿದ ಹಂಚು ದೇವಸ್ಥಾನಕ್ಕೂ ಹೋಯಿತು, ಮಸೀದಿಗೂ ಹೋಯಿತು, ಅವರನ್ನು ಹೊರಗೆ ಹಾಕಿದ ಮನೆಗಳ ಮಾಡಿಗೂ ಹೋಯಿತು.

ಕಥೋಲಿಕರ ನೆನಪಿನಲ್ಲಿ ಇನ್ನೂ ಹಳೆಯ ಸೆರೆಯೊಂದು ಉಂಟು. 1784ರಲ್ಲಿ ಟಿಪ್ಪುವಿನ ಕಾಲದಲ್ಲಿ ಕೆನರಾದ, ಅಂದರೆ ನಮ್ಮ ಈ ಕರಾವಳಿಯ, ಕ್ರೈಸ್ತರನ್ನು ಶ್ರೀರಂಗಪಟ್ಟಣಕ್ಕೆ ನಡೆಸಿಕೊಂಡು ಹೋದರು. ಹದಿನೈದು ವರ್ಷ ಕಳೆದು 1799ರಲ್ಲಿ ಉಳಿದವರು ಹೊರಗೆ ಬಂದರು. ನಾನಿದನ್ನು ಯಾರ ಮೇಲೂ ಸಿಟ್ಟು ಎಬ್ಬಿಸಲು ಹೇಳುತ್ತಿಲ್ಲ. ಅವರು ಊರಿಗೆ ಮರಳಿದಾಗ ಇಗರ್ಜಿಗಳು ಬಿದ್ದಿದ್ದವು, ಗದ್ದೆಗಳು ಬೇರೆಯವರ ಕೈಯಲ್ಲಿದ್ದವು. ಸೆರೆ ಬಿಟ್ಟಿತ್ತು, ಬೀಡು ಇರಲಿಲ್ಲ. ಒಂದೊಂದೇ ಕುಟುಂಬ ಪುನಃ ನೆಲೆ ಹುಡುಕಬೇಕಾಯಿತು. ಕುಂಬಳೆಯ ಒಳಗೆ ಬೇಳದಲ್ಲಿ ವ್ಯಾಕುಲ ಮಾತೆಯ ಇಗರ್ಜಿ ಎದ್ದದ್ದು 1890ರಲ್ಲಿ. ಆ ಎತ್ತರದ ಗೋಪುರಗಳನ್ನು ನೋಡುವಾಗಲೆಲ್ಲ ನನಗೆ ಅನ್ನಿಸುತ್ತದೆ, ಸೆರೆಯಿಂದ ಇಲ್ಲಿವರೆಗೆ ನಮ್ಮವರ ದಾರಿ ಎಷ್ಟು ಉದ್ದದ್ದು ಅಂತ.

ಇನ್ನು ಕಾಸರಗೋಡಿನ ಕನ್ನಡಿಗರಿಗೆ 'ಸೇರುವುದು' ಅಂದರೇನು ಅಂತ ಯಾರೂ ಹೇಳಿಕೊಡಬೇಕಾಗಿಲ್ಲ. 1956ರ ನವೆಂಬರ್ 1ರಂದು ಮಲಗಿದಲ್ಲೇ ಇದ್ದೆವು, ರಾಜ್ಯ ಬದಲಾಗಿ ಕೇರಳವಾಯಿತು. ಮಲಯಾಳದ ಸರಕಾರಿ ಕಾಗದ ಕೈಗೆ ಬಂದಾಗ ಓದಿ ಹೇಳಲು ಪಕ್ಕದ ಮನೆಯ ಹುಡುಗನನ್ನು ಕರೆದ ಅಜ್ಜಂದಿರನ್ನು ನಾನು ನೋಡಿದ್ದೇನೆ. ಎಫೆಸದವರಿಗೆ ಬರೆದ ಪತ್ರದಲ್ಲಿ, ನೀವು ಇನ್ನು ಪರದೇಶದವರಲ್ಲ, ದೇವರ ಮನೆಯವರು ಅಂತ ಉಂಟಲ್ಲ, ಅದನ್ನು ಓದುವಾಗ ಬೇರೆ ಊರಿನವರಿಗಿಂತ ನಮಗೆ ಗಂಟಲು ಸ್ವಲ್ಪ ಜಾಸ್ತಿ ಕಟ್ಟುತ್ತದೆ. ಹಾಗೆ ಕಟ್ಟಿದ ಗಂಟಲಿನವರು ಇನ್ನೊಬ್ಬರನ್ನು ಹೊರಗೆ ನಿಲ್ಲಿಸಬಾರದು. ನಮ್ಮ ಮಂಜೇಶ್ವರದ ಗೋವಿಂದ ಪೈಗಳು ಕ್ರೈಸ್ತರಾಗಿರಲಿಲ್ಲ. ಅವರು 'ಗೊಲ್ಗೊಥಾ' ಬರೆದು ಯೇಸುವಿನ ಕೊನೆಯ ದಿನವನ್ನು ಕನ್ನಡದ ಕಾವ್ಯವಾಗಿಸಿದರು. ತಮ್ಮ ಮನೆಯ ನಡುಮನೆಯಲ್ಲೇ ಕ್ರಿಸ್ತನಿಗೆ ಜಾಗ ಕೊಟ್ಟ ಹಾಗೆ ಅದು. ನಾವು ನಮ್ಮ ಸಭೆಯಲ್ಲಿ ಹೊಸಬರಿಗೆ ಅಷ್ಟು ಜಾಗ ಕೊಡುತ್ತೇವಾ? ಮದುವೆ ಮಾತು ಬಂದ ಕೂಡಲೇ 'ಅವರದ್ದು ಮೂಲ ಯಾವುದು' ಅಂತ ಪಿಸುಗುಟ್ಟುತ್ತೇವೆ. ಕ್ರಿಸ್ತನಲ್ಲಿ ಯೆಹೂದ್ಯ ಗ್ರೀಕ ಎಂಬುದಿಲ್ಲ ಅಂತ ಅದೇ ಬೆಳಿಗ್ಗೆ ಓದಿರುತ್ತೇವೆ. ಇದು ಪಾಪ. ಬೇರೆ ಮೆತ್ತಗಿನ ಪದ ನನಗೆ ಸಿಗುವುದಿಲ್ಲ.

ತುಳು ಬಲ್ಲವರು ಇದನ್ನು ಕೇಳಿ. ತುಳುವಿನಲ್ಲಿ 'ನಾವು' ಅನ್ನಲು ಎರಡು ಪದ. ಎದುರಿಗಿರುವವರನ್ನೂ ಸೇರಿಸಿದರೆ 'ನಮ'. ಅವರನ್ನು ಬಿಟ್ಟು ನಾವು ಮಾತ್ರ ಅಂದರೆ 'ಎಂಕುಲು'. ಮಲಯಾಳದಲ್ಲೂ ಹಾಗೆಯೇ, 'ನಮ್ಮಳ್' ಬೇರೆ, 'ಞಙ್ಙಳ್' ಬೇರೆ. ಕನ್ನಡದ 'ನಾವು' ಎರಡನ್ನೂ ಮುಚ್ಚಿಡುತ್ತದೆ. 'ಇದು ನಮ್ಮ ಸಭೆ' ಅಂತ ಬಾಗಿಲಲ್ಲಿ ನಿಂತ ಹೊಸಬರಿಗೆ ಹೇಳುವಾಗ ಮನಸ್ಸಿನಲ್ಲಿ ಇರುವುದು ಯಾವುದು? ಅವರಿಗೆ ಅದು ತಿಳಿಯುತ್ತದೆ. ಮುಖ ನೋಡಿದರೆ ಸಾಕು. ಯೇಸು ಕಲಿಸಿದ ಪ್ರಾರ್ಥನೆ 'ನಮ್ಮ ತಂದೆಯೇ' ಅಂತ ಶುರುವಾಗುತ್ತದೆ. 'ಕೇಡಿನಿಂದ ತಪ್ಪಿಸು' ಎಂಬ ಮಾತು ಬರುವುದು ಕೊನೆಗೆ. ಮೊದಲು ಮನೆಯವರಾಗಬೇಕು. ಆಮೇಲೆ ಒಟ್ಟಿಗೆ ಬಿಡುಗಡೆ ಕೇಳಬೇಕು.

ಇನ್ನೊಂದು ಹೇಳಿ ಮುಗಿಸುತ್ತೇನೆ. ಇದು ಎಣ್ಮಕಜೆ ಕಡೆಯದ್ದು.

ಪಡ್ರೆ, ವಾಣಿನಗರ, ಸ್ವರ್ಗ. ಹೌದು, ಸ್ವರ್ಗ ಅಂತಲೇ ಊರಿನ ಹೆಸರು. ಅಲ್ಲಿನ ಗುಡ್ಡಗಳ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಎಂಬ ಕೀಟನಾಶಕ ಸಿಂಪಡಿಸಿದರು. ಗುಡ್ಡದ ಮೇಲೆ ಬಿದ್ದದ್ದು ತೋಡಿಗೆ ಇಳಿಯಿತು, ಗುಡ್ಡ ಕೊರೆದು ನೀರು ತೆಗೆಯುವ ಸುರಂಗಗಳ ನೀರಿಗೆ ಸೇರಿತು. ಮಕ್ಕಳು ಕೈಕಾಲು ಸೊಟ್ಟಗಾಗಿ, ತಲೆ ದೊಡ್ಡದಾಗಿ, ಮಾತು ಬಾರದೆ ಹುಟ್ಟಿದರು. 2011ರಲ್ಲಿ ಸುಪ್ರೀಂ ಕೋರ್ಟು ಆ ವಿಷವನ್ನು ದೇಶದಲ್ಲೇ ನಿಲ್ಲಿಸಿತು. 2017ರಲ್ಲಿ ಒಬ್ಬೊಬ್ಬರಿಗೆ ಐದು ಲಕ್ಷ ಪರಿಹಾರ ಕೊಡಬೇಕು ಅಂದಿತು. ಅದಕ್ಕೆಲ್ಲ ಮುಂಚೆ ಎಷ್ಟೋ ವರ್ಷ ಜನ ಇದನ್ನು ಶಾಪ ಅಂತಲೇ ತಿಳಿದಿದ್ದರು. ಶಾಪ ಅಂತ ಹೇಳಿದವರಲ್ಲಿ ನಮ್ಮ ಪ್ರಾರ್ಥನೆಯವರೂ ಇದ್ದರು.

ಆ ಕಡೆಯ ಒಬ್ಬ ತಾಯಿ ನಮ್ಮ ಸಭೆಗೆ ಬರುತ್ತಿದ್ದರು. ಮಗನಿಗೆ ಇಪ್ಪತ್ತು ದಾಟಿತ್ತು, ಮೈ ಏಳು ವರ್ಷದ ಹುಡುಗನದ್ದು. ಎತ್ತಿಕೊಂಡೇ ಬಸ್ ಇಳಿಯುತ್ತಿದ್ದರು. ಹಿಂದೆ, ಚಪ್ಪಲಿ ಬಿಡುವ ಬಾಗಿಲ ಹತ್ತಿರ ಚಾಪೆ ಹಾಕಿ ಮಲಗಿಸುತ್ತಿದ್ದರು. ಹಾಡು ನಿಂತು ಎಲ್ಲ ಮೌನವಾದಾಗ ಅವನು ಜೋರಾಗಿ ಒಂದು ಸ್ವರ ಹೊರಡಿಸುತ್ತಿದ್ದ. ನಾವು ತಿರುಗಿ ನೋಡುತ್ತಿದ್ದೆವು. ನಾನೂ ನೋಡಿದ್ದೇನೆ. ಹೊರಗಿನಿಂದ ಬಂದ ಒಬ್ಬ ಪ್ರಸಂಗಿ ಅವರಿಗೆ, ನಿಮ್ಮ ತಲೆಮಾರಿನಲ್ಲಿ ಯಾರದೋ ಪಾಪ ಉಂಟು, ಅದನ್ನು ಒಪ್ಪಿಕೊಂಡರೆ ಬಿಡುಗಡೆ ಅಂದರು. ಸ್ವಲ್ಪ ದಿನದಲ್ಲಿ ಆ ಅಕ್ಕ ಬರುವುದನ್ನು ನಿಲ್ಲಿಸಿದರು.

ಕಲ್ಲುಕೋರೆಯ ಅಣ್ಣನ ಮಾತು ಕೇಳಿದ್ದೆನಲ್ಲ, ಈ ಸಲ ಸುಮ್ಮನಿರಲು ಆಗಲಿಲ್ಲ. ಹುಡುಕಿಕೊಂಡು ಹೋದೆ. ಅಕ್ಕ ಮಗನಿಗೆ ಗಂಜಿ ತಿನ್ನಿಸುತ್ತಿದ್ದರು. ಅನ್ನವನ್ನು ಬೆರಳಿನಿಂದ ನುಣ್ಣಗೆ ಹಿಚುಕಿ, ನಾಲಿಗೆಯ ಹಿಂದಕ್ಕೆ ಇಟ್ಟು, ಗಂಟಲು ಸವರುವುದು. ನುಂಗಿದ ಅಂತ ಗೊತ್ತಾದ ಮೇಲೆ ಇನ್ನೊಂದು ತುತ್ತು. ಒಂದು ಬಟ್ಟಲಿಗೆ ಮುಕ್ಕಾಲು ಗಂಟೆ. ಆ ಹೊತ್ತಿನಲ್ಲೇ ಅವರು ಹೇಳಿದರು: "ದೇವರು ಬೇಡ ಅಂತ ಬಿಟ್ಟದ್ದಲ್ಲ ಟೀಚರೇ. ಅಲ್ಲಿಗೆ ಬಂದ್ರೆ ಇವ ನನ್ನ ಮಗ ಆಗುವುದಿಲ್ಲ, ನನ್ನ ಪಾಪ ಆಗ್ತಾನೆ."

ಯೋಹಾನನ 9ನೇ ಅಧ್ಯಾಯದಲ್ಲಿ ಶಿಷ್ಯರು ಹುಟ್ಟುಕುರುಡನೊಬ್ಬನನ್ನು ನೋಡಿ ಕೇಳುತ್ತಾರೆ, ಪಾಪ ಮಾಡಿದವರು ಯಾರು, ಇವನಾ, ಇವನ ತಂದೆತಾಯಿಯಾ? ಯಾರೂ ಅಲ್ಲ ಅನ್ನುತ್ತಾರೆ ಯೇಸು. ಎರಡು ಸಾವಿರ ವರ್ಷದ ಹಿಂದೆಯೇ ಕೊಟ್ಟ ಉತ್ತರ. ಎಣ್ಮಕಜೆಯ ತಾಯಂದಿರಿಗೆ ನಾವು ಅದನ್ನು ತಲುಪಿಸಲಿಲ್ಲ. ಮುಂದೆ ಆ ಮನುಷ್ಯನಿಗೆ ಕಣ್ಣು ಬಂತು. ಧರ್ಮದ ಹಿರಿಯರು ಅವನನ್ನು ಹೊರಗೆ ಹಾಕಿದರು. ಹೊರಗೆ ಹಾಕಿದ್ದಾರೆ ಅಂತ ಕೇಳಿ ಯೇಸು ಅವನನ್ನು ಹುಡುಕಿಕೊಂಡು ಹೋದರು. ಕಣ್ಣು ಕೊಟ್ಟ ಮೇಲೂ ಕೆಲಸ ಮುಗಿದಿರಲಿಲ್ಲ ಅವರಿಗೆ.

ನಾನು ಬಂದು ಸಭೆಯಲ್ಲಿ ವಿಷಯ ಹೇಳಿದೆ. ನಮ್ಮ ಸಭೆಯ ಬೋಧಕರು, ಅಯ್ಯನವರು, ಜಾಸ್ತಿ ಮಾತಾಡಲಿಲ್ಲ. ಮರುದಿನವೇ ಜೀಪು ಮಾಡಿಕೊಂಡು ಹೋಗಿ ತಾಯಿಯ ಹತ್ತಿರ ಕ್ಷಮೆ ಕೇಳಿದರು. ಚಾಪೆಯನ್ನು ಬಾಗಿಲ ಹತ್ತಿರದಿಂದ ಮುಂದಕ್ಕೆ ತಂದೆವು, ಹಾರ್ಮೋನಿಯಂ ಪಕ್ಕಕ್ಕೆ. ಅಲ್ಲಿ ಫ್ಯಾನ್ ಉಂಟು ಎಂಬುದಷ್ಟೇ ಕಾರಣ. ಮೊದಲ ಭಾನುವಾರ ಹಾಡು ಶುರುವಾದಾಗ ಆ ಹುಡುಗ ಕೈ ಎಳೆದೆಳೆದು ಹಾರ್ಮೋನಿಯಂ ಪೆಟ್ಟಿಗೆಯ ಮರಕ್ಕೆ ಅಂಗೈ ಇಟ್ಟ. ಬಾರಿಸುವಾಗ ಮರ ನಡುಗುತ್ತದಲ್ಲ, ಅದು ಅವನ ಕೈಗೆ ಸಿಕ್ಕಿತು. ಹಾಡು ಮುಗಿಯುವವರೆಗೆ ಕೈ ತೆಗೆಯಲಿಲ್ಲ. ಹಾಡು ನಿಂತಾಗ ಎಂದಿನಂತೆ ಸ್ವರ ಹೊರಡಿಸಿದ. ಹಾರ್ಮೋನಿಯಂ ಬಾರಿಸುವ ಅಜ್ಜ ಅವನತ್ತ ನೋಡಿ, "ಇನ್ನೊಂದು ಬೇಕಾ ಮಗಾ?" ಅಂತ ಕೇಳಿದರು.

ಅವನಿಗೆ ಗುಣವಾಗಲಿಲ್ಲ. ಇವತ್ತಿಗೂ ಹಾಗೆಯೇ ಇದ್ದಾನೆ. ಭಾನುವಾರ ತಪ್ಪದೆ ಬರುತ್ತಾನೆ.

ಲಾಜರನನ್ನು ಯೇಸು ಸಮಾಧಿಯಿಂದ ಕರೆದದ್ದು ನಿಮಗೆಲ್ಲ ಗೊತ್ತು. ಸತ್ತು ನಾಲ್ಕು ದಿನವಾಗಿತ್ತು. ಅವನು ಎದ್ದು ಬಂದ. ಆದರೆ ಕೈಕಾಲಿಗೆ ಬಟ್ಟೆ ಸುತ್ತಿತ್ತು, ಮುಖಕ್ಕೆ ಬಟ್ಟೆ ಕಟ್ಟಿತ್ತು. ಜೀವ ಕೊಟ್ಟವರಿಗೆ ಆ ಕಟ್ಟು ಬಿಚ್ಚುವುದು ಕಷ್ಟವಾಗಿತ್ತಾ? ಸುತ್ತ ನಿಂತವರಿಗೆ ಯೇಸು ಹೇಳಿದರು, ನೀವು ಬಿಚ್ಚಿರಿ. ನಾಲ್ಕು ದಿನದ ಹೆಣದ ವಾಸನೆ ಇರುವ ಬಟ್ಟೆ. ಮುಟ್ಟಿ, ಗಂಟು ಹುಡುಕಿ, ಒಂದೊಂದೇ ಸುತ್ತು ಬಿಚ್ಚುವ ಕೆಲಸವನ್ನು ಅವರು ನಮಗೆ ಉಳಿಸಿದ್ದಾರೆ.

ನನ್ನ ಮಾತು ಇಷ್ಟೇ ಇತ್ತು. ಕೂಟ ಮುಗಿದ ಮೇಲೆ ನಡೆದದ್ದನ್ನು ಬರೆಯಬಹುದಾ ಅಂತ ಕೇಳಿ, ಅಂದು ಬಂದು ಮಾತಾಡಿಸಿದ ಬೇರೊಬ್ಬ ಹುಡುಗನ ಒಪ್ಪಿಗೆ ಪಡೆದು ಇಲ್ಲಿ ಸೇರಿಸುತ್ತಿದ್ದೇನೆ.

ಎಲ್ಲರೂ ಎದ್ದ ಮೇಲೆ ಒಬ್ಬ ಹುಡುಗ ಬಂದು ನಿಂತ. ಇಪ್ಪತ್ತೈದರ ಒಳಗಿನ ಪ್ರಾಯ. ಮನಸ್ಸಿನ ಕಾಯಿಲೆಗೆ ಮೂರು ವರ್ಷದಿಂದ ಮದ್ದು ತೆಗೆದುಕೊಳ್ಳುತ್ತಿದ್ದಾನೆ. ಒಂದು ಕಡೆ ಪ್ರಾರ್ಥನೆಗೆ ಹೋದಾಗ, ನಂಬಿಕೆ ಇದ್ದರೆ ಮಾತ್ರೆ ಬಿಡು ಅಂದರಂತೆ. ಬಿಟ್ಟು ಎರಡು ವಾರ ನಿದ್ದೆ ಇಲ್ಲದೆ ಗುಡ್ಡ ಗುಡ್ಡ ಅಲೆದನಂತೆ. "ಈಗ ಪುನಃ ತೆಗೀತಿದ್ದೇನೆ ಟೀಚರೇ. ತಪ್ಪಾ?" ಅಂತ ಕೇಳಿದ.

ತಪ್ಪಲ್ಲ ಅಂದೆ. ಡಾಕ್ಟರರನ್ನು ಕೇಳದೆ ಒಂದು ದಿನವೂ ಬಿಡಬಾರದು, ಪ್ರಾರ್ಥನೆಯನ್ನೂ ಬಿಡಬೇಡ ಅಂದೆ. ಸಮಾಧಿಯ ಹತ್ತಿರ ಅಲೆಯುತ್ತಿದ್ದವನು ಸ್ವಸ್ಥ ಬುದ್ಧಿಯಿಂದ ಕೂತಿದ್ದ ಅಂತ ಓದಿದೆವಲ್ಲ, ಆ ಮಾತ್ರೆ ನಿನ್ನನ್ನು ಹಾಗೆ ಕೂರಿಸುತ್ತದೆ ಅಂತಾದರೆ ಅದನ್ನೂ ದೇವರ ಕೈಯಿಂದಲೇ ತೆಗೆದುಕೋ ಅಂದೆ.

ಅವನು ಗಡಿಯಾರ ನೋಡಿದ. ರಾತ್ರಿಯ ಮಾತ್ರೆಗೆ ಹೊತ್ತಾಗಿತ್ತು. ಕಿಸೆಯಿಂದ ಪಟ್ಟಿ ತೆಗೆದು, ಯಾರಾದರೂ ನೋಡುತ್ತಾರಾ ಅಂತ ಸುತ್ತ ಕಣ್ಣಾಡಿಸಿದ. ಚಾ ಹಂಚುತ್ತಿದ್ದ ಅಕ್ಕ ನೋಡಿಬಿಟ್ಟರು. ಏನೂ ಕೇಳಲಿಲ್ಲ. ಸ್ಟೀಲ್ ಲೋಟಕ್ಕೆ ಜೀರಿಗೆ ನೀರು ಬಗ್ಗಿಸಿ, ಬಿಸಿ ಜಾಸ್ತಿ ಇತ್ತೆಂದು ಇನ್ನೊಂದು ಲೋಟಕ್ಕೆ ಎರಡು ಸಲ ಹೊಯ್ದು ಆರಿಸಿ, ಅವನ ಕೈಗೆ ಕೊಟ್ಟು, ನುಂಗುವವರೆಗೆ ಅಲ್ಲೇ ನಿಂತರು. ಆಮೇಲೆ ಕೇಳಿದರು, "ನಾಳೆ ಸಂಜೆ ಎಂತ ಮಾಡ್ತಿ? ಮನೆಗೆ ಬಾ."